ಬಣ್ಣ ನಂಬಬೇಡಿ, ಚುಕ್ಕೆ ಎಣಿಸಿ

ಚಿಟ್ಟೆಗಳ ಬಗ್ಗೆ ಬಂದಿರುವ ಪತ್ರಗಳನ್ನೆಲ್ಲ ಈ ಸಂಚಿಕೆಗೆಂದು ಒಟ್ಟುಗೂಡಿಸಿದ್ದೇವೆ. ಹೆಚ್ಚಿನ ಪತ್ರಗಳಲ್ಲಿರುವ ತೊಡಕು ಒಂದೇ. ಬಣ್ಣ ನೋಡಿ ಹೆಸರು ಹೇಳಿಬಿಟ್ಟಿದ್ದಾರೆ, ಆಮೇಲೆ ಏನೋ ಹೊಂದಿಕೆಯಾಗಿಲ್ಲ. ಪಶ್ಚಿಮ ಘಟ್ಟದಲ್ಲೇ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಅವುಗಳಲ್ಲಿ ಒಂದರ ವೇಷ ಇನ್ನೊಂದು ಹಾಕಿಕೊಂಡು ತಿರುಗುವಂಥವು ಬಹಳ.

ಉತ್ತರಗಳಿಗೆ ಹೋಗುವ ಮೊದಲು ನಾಲ್ಕು ಮಾತು. ಚಿಟ್ಟೆಗೆ ಎರಡು ಜೋಡಿ ರೆಕ್ಕೆ: ಮುಂದಿನ ಜೋಡಿ, ಹಿಂದಿನ ಜೋಡಿ. ರೆಕ್ಕೆ ಬಿಚ್ಚಿ ಕೂತಾಗ ಕಾಣುವುದು ಮೇಲ್ಮೈ. ಕೈಮುಗಿದಂತೆ ಮಡಚಿ ಕೂತಾಗ ಕಾಣುವುದು ಅಡಿಮೈ. ರೆಕ್ಕೆಯ ಬುಡದಿಂದ ನಡುಭಾಗದ ತನಕ ನರಗಳು ಸುತ್ತುವರಿದ ಉದ್ದನೆಯ ಜಾಗವೊಂದಿದೆ, ಅದಕ್ಕೆ ಸೆಲ್ ಎನ್ನುತ್ತಾರೆ. ಚಿಟ್ಟೆಗಳ ಕನ್ನಡ ಹೆಸರುಗಳು ಊರಿಂದೂರಿಗೆ ಬದಲಾಗುವುದರಿಂದ, ಗೊಂದಲ ಬೇಡವೆಂದು ಎಲ್ಲರೂ ಬಳಸುವ ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹೊಲದ ಬದುವಿನ ಎಕ್ಕದ ಗಿಡಕ್ಕೆ ಬರುವ ಕಿತ್ತಳೆ ಬಣ್ಣದ ಚಿಟ್ಟೆ ಪ್ಲೇನ್ ಟೈಗರ್ ಎಂದು ಗೊತ್ತಿತ್ತು. ಹೋದ ವಾರ ಅಂಥದ್ದೇ ಒಂದು ಚಿಟ್ಟೆ ಗೋಣಿ ಸೊಪ್ಪಿನ ಮೇಲೆ ಮೊಟ್ಟೆ ಇಡುತ್ತಿತ್ತು. ಪ್ಲೇನ್ ಟೈಗರ್ ಹುಳು ಗೋಣಿ ಸೊಪ್ಪನ್ನೂ ತಿನ್ನುತ್ತದೆಯೇ?
— ಕೊಪ್ಪಳ ಜಿಲ್ಲೆಯ ರೈತರೊಬ್ಬರು

ಉತ್ತರ: ತಿನ್ನುವುದಿಲ್ಲ. ನೀವು ಗಿಡವನ್ನೂ ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಅದರಿಂದಲೇ ಅರ್ಧ ಉತ್ತರ ಸಿಕ್ಕಿತು. ನೀವು ಕಂಡದ್ದು ಡನೇಯ್ಡ್ ಎಗ್‌ಫ್ಲೈ ಎಂಬ ಬೇರೆಯೇ ಚಿಟ್ಟೆಯ ಹೆಣ್ಣು ಇರಬೇಕು. ಅದು ಮೊಟ್ಟೆ ಇಡುವ ಗಿಡಗಳಲ್ಲಿ ಗೋಣಿ ಸೊಪ್ಪು ಮುಖ್ಯವಾದದ್ದು.

ಎರಡಕ್ಕೂ ಕಿತ್ತಳೆ ಮೈ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಬಿಳಿ ಪಟ್ಟೆ. ದೂರದಿಂದ ನೋಡಿದರೆ ವ್ಯತ್ಯಾಸವೇ ತಿಳಿಯದು. ಮುಂದಿನ ರೆಕ್ಕೆ ಬಿಡಿ, ಹಿಂದಿನ ರೆಕ್ಕೆಗೆ ಬನ್ನಿ. ಅಲ್ಲಿನ ಕಪ್ಪು ಚುಕ್ಕೆ ಎಣಿಸಿ. ಪ್ಲೇನ್ ಟೈಗರ್ ಹೆಣ್ಣಿಗೆ ಸೆಲ್ಲಿನ ಅಂಚಿನ ಸುತ್ತ ಮೂರು ಚುಕ್ಕೆ. ಗಂಡಿಗೆ ನಾಲ್ಕು ಕಾಣುತ್ತದೆ. ಆ ನಾಲ್ಕನೆಯದು ಚುಕ್ಕೆಯಲ್ಲ, ಹೆಣ್ಣನ್ನು ಒಲಿಸಲು ಬಳಸುವ ವಾಸನೆಯ ಚೀಲ, ಅಡಿಮೈಯಲ್ಲಿ ಅದರ ನಡುವೆ ಬಿಳಿ ಇರುತ್ತದೆ. ಎಗ್‌ಫ್ಲೈ ಹೆಣ್ಣಿಗಾದರೆ ಒಂದೇ ಚುಕ್ಕೆ, ಅದೂ ರೆಕ್ಕೆಯ ಮುಂದಿನ ಅಂಚಿಗೆ ಹತ್ತಿರದಲ್ಲಿ.

ಇಲ್ಲಿ ಜನ ಎಡವುವುದು ಹೇಗೆಂದರೆ, ಚಿಟ್ಟೆ ಬಿಸಿಲು ಕಾಯುವಾಗ ಮುಂದಿನ ರೆಕ್ಕೆ ಹಿಂದಿನ ರೆಕ್ಕೆಯ ಮುಂದಿನ ಅಂಚನ್ನು ಮುಚ್ಚಿಕೊಳ್ಳುತ್ತದೆ. ಆಗ ಎಗ್‌ಫ್ಲೈಯ ಆ ಒಂದು ಚುಕ್ಕೆಯೂ ಮರೆಯಾಗಿ ಹಿಂದಿನ ರೆಕ್ಕೆ ಪೂರ್ತಿ ಖಾಲಿ ಎನಿಸುತ್ತದೆ. ಖಾಲಿ ಕಂಡರೂ ಅದು ಪ್ಲೇನ್ ಟೈಗರ್ ಅಲ್ಲ; ಟೈಗರ್‌ನ ಚುಕ್ಕೆಗಳಲ್ಲಿ ಎಲ್ಲವೂ ಒಟ್ಟಿಗೆ ಮುಚ್ಚಿಹೋಗುವುದಿಲ್ಲ. ಇನ್ನೂ ಅನುಮಾನವಿದ್ದರೆ ಹಿಂದಿನ ರೆಕ್ಕೆಯ ಹೊರ ಅಂಚು ನೋಡಿ. ಎಗ್‌ಫ್ಲೈಗೆ ಅಲ್ಲಿ ಅಲೆಅಲೆಯಾದ ಬಿಳಿ ಕಸೂತಿಯಂಥ ಗೆರೆ ಎದ್ದು ಕಾಣುತ್ತದೆ.

ಈ ವೇಷಕ್ಕೆ ಕಾರಣ ನಿಮ್ಮ ಬದುವಿನ ಎಕ್ಕವೇ. ಎಕ್ಕದ ಹಾಲಿನಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷವಿದೆ. ಪ್ಲೇನ್ ಟೈಗರ್‌ನ ಹುಳು ಅಂಥ ಗಿಡಗಳನ್ನು ತಿಂದು ಆ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಇರುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಬಣ್ಣದ ಹತ್ತಿರ ಮತ್ತೆ ಸುಳಿಯುವುದಿಲ್ಲ. ಎಗ್‌ಫ್ಲೈ ಅದೇ ಬಣ್ಣ ತೊಟ್ಟು ಬದುಕಿಕೊಳ್ಳುತ್ತದೆ. ಗಂಡು ಎಗ್‌ಫ್ಲೈ ಮಾತ್ರ ಈ ವೇಷ ಹಾಕುವುದಿಲ್ಲ. ಅದರ ಮೈ ಕಪ್ಪು. ಪ್ರತಿ ಬದಿಯಲ್ಲೂ ಮೂರು ಬಿಳಿ ಮಚ್ಚೆ, ಮಚ್ಚೆಯ ಸುತ್ತ ನೇರಳೆ ಮಿಂಚು. ಅಂಥದ್ದು ನಿಮ್ಮ ಗೋಣಿ ಸೊಪ್ಪಿನ ಮಡಿಯ ಸುತ್ತಮುತ್ತ ಕಂಡರೆ ನಮ್ಮ ಊಹೆ ಗಟ್ಟಿಯಾದಂತೆ.

ಪ್ರಶ್ನೆ: ಮನೆ ಹಿಂದಿನ ಕರಿಬೇವಿನ ಗಿಡದಲ್ಲಿದ್ದ ಹುಳುಗಳನ್ನು ಮಕ್ಕಳಿಗೆ ತೋರಿಸಲೆಂದು ಸಾಕಿದೆವು. ಒಂದೇ ಗಿಡದ ಹುಳುಗಳಿಂದ ಮೂರು ಬಗೆಯ ಚಿಟ್ಟೆ ಹೊರಬಂದವು! ಒಂದು ಕಪ್ಪು, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಯ ಸಾಲು. ಇನ್ನೊಂದಕ್ಕೆ ನಡುವೆ ಬಿಳಿ ಮಚ್ಚೆ, ಸುತ್ತ ಕೆಂಪು. ಮೂರನೆಯದರಲ್ಲಿ ಹಿಂದಿನ ರೆಕ್ಕೆ ತುಂಬ ಕೆಂಪು ಚುಕ್ಕೆ. ಪುಸ್ತಕದಲ್ಲಿ ನೋಡಿದರೆ ಎರಡನೆಯದು ಕಾಮನ್ ರೋಸ್, ಮೂರನೆಯದು ಕ್ರಿಮ್ಸನ್ ರೋಸ್. ಆದರೆ ರೋಸ್‌ಗಳು ಕರಿಬೇವು ತಿನ್ನುತ್ತವೆಯೇ?
— ಪುತ್ತೂರಿನ ಶಾಲಾ ಶಿಕ್ಷಕಿ

ಉತ್ತರ: ಮೇಡಂ, ನಿಮ್ಮ ಪೆಟ್ಟಿಗೆಯಿಂದ ಬಂದ ಮೂರೂ ಒಂದೇ ಜಾತಿ, ಕಾಮನ್ ಮಾರ್ಮನ್. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು.

ಕಾಮನ್ ಮಾರ್ಮನ್ ಗಂಡಿಗೆ ಒಂದೇ ರೂಪ: ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಪಟ್ಟಿ, ಕೆಳಗೆ ಒಂದು ಬಾಲ. ಹೆಣ್ಣಿಗೆ ನಮ್ಮ ಕಡೆ ಮೂರು ರೂಪ. ಸೈರಸ್ ರೂಪ ಗಂಡಿನಂತೆಯೇ ಇರುತ್ತದೆ. ಸ್ಟಿಕಿಯಸ್ ರೂಪ ಕಾಮನ್ ರೋಸ್‌ನ ನಕಲು. ರೋಮ್ಯುಲಸ್ ರೂಪ ಕ್ರಿಮ್ಸನ್ ರೋಸ್‌ನ ನಕಲು. ಒಬ್ಬ ತಾಯಿಯ ಮೊಟ್ಟೆಗಳಿಂದಲೇ ಒಂದಕ್ಕಿಂತ ಹೆಚ್ಚು ರೂಪದ ಹೆಣ್ಣುಗಳು ಬರಬಹುದು. ಇದನ್ನು ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದು ಜೀನು ಎಂಬುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಅಸಲು ರೋಸ್‌ಗಳ ಹುಳುಗಳು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳನ್ನು. ಅದು ವಿಷದ ಬಳ್ಳಿ. ಮಾರ್ಮನ್ ಹುಳು ಕರಿಬೇವು, ನಿಂಬೆ, ಕಿತ್ತಳೆ ಜಾತಿಯ ಎಲೆ ತಿನ್ನುತ್ತದೆ. ಹಾಗಾಗಿ ಮಾರ್ಮನ್ ಹಕ್ಕಿಗಳಿಗೆ ರುಚಿಯಾದ ತುತ್ತು, ರೋಸ್ ಕಹಿ.

ಗಿಡ ಗೊತ್ತಿಲ್ಲದೆ ಚಿಟ್ಟೆಯೊಂದೇ ಕಣ್ಣಿಗೆ ಬಿದ್ದಾಗ ಹೇಗೆ ಬೇರ್ಪಡಿಸುವುದು? ರೆಕ್ಕೆ ಆಮೇಲೆ ನೋಡಿ, ಮೊದಲು ಮೈ ನೋಡಿ. ರೋಸ್‌ಗಳ ತಲೆ ಕೆಂಪು, ಹೊಟ್ಟೆಯ ಬದಿಯೂ ತುದಿಯೂ ಕುಂಕುಮಗೆಂಪು. ಮಾರ್ಮನ್ ಯಾವ ವೇಷ ಹಾಕಿದರೂ ಮೈ ಕಪ್ಪೇ. ರೆಕ್ಕೆಗೆ ಬಣ್ಣ ಬಳಿದುಕೊಂಡ ನಕಲುಗಾರ ಮೈಗೆ ಬಳಿಯಲು ಮರೆತಂತೆ!

ಈ ಗುರುತು ಬಳಸುವಾಗ ಒಂದು ಎಚ್ಚರ ಇರಲಿ. ಕಾಮನ್ ರೋಸ್ ಅನ್ನು ನೇರ ಮೇಲಿನಿಂದ ನೋಡಿದರೆ ಹೊಟ್ಟೆಯ ಬೆನ್ನಿನ ಭಾಗ ಕಪ್ಪಾಗಿಯೇ ಕಾಣುತ್ತದೆ, ಕೆಂಪು ಬದಿಗೆ ಸರಿದಿರುತ್ತದೆ. ಹಾಗಾಗಿ ಮೇಲಿನಿಂದ ತೆಗೆದ ಒಂದೇ ಫೋಟೊ ನಂಬಿ ಮಾರ್ಮನ್ ಎಂದು ಬರೆದುಕೊಂಡವರು ಅನೇಕರು. ಬದಿಯಿಂದ ಒಂದು ಫೋಟೊ ಬೇಕೇ ಬೇಕು. ಸಿಗದಿದ್ದರೆ ತಲೆಯನ್ನಾದರೂ ದೊಡ್ಡದು ಮಾಡಿ ನೋಡಿ.

ಕ್ರಿಮ್ಸನ್ ರೋಸ್ ವಿಷಯದಲ್ಲಿ ಇನ್ನೊಂದು ಗುರುತು ಮುಂದಿನ ರೆಕ್ಕೆಯಲ್ಲಿದೆ. ಅಸಲಿನಲ್ಲಿ ಅಚ್ಚ ಬಿಳಿಯ ಎರಡು ಪಟ್ಟೆಗಳು: ನಡುವೆ ಒಂದು, ತುದಿಯ ಕಡೆ ಒಂದು. ರೋಮ್ಯುಲಸ್ ಹೆಣ್ಣಿನಲ್ಲಿ ಅವೇ ಪಟ್ಟೆಗಳು ಮಾಸಲು, ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯಂತೆ. ಕ್ರಿಮ್ಸನ್ ರೋಸ್ ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸುತ್ತಿನಲ್ಲೇ ಹೆಚ್ಚು. ಅದರ ನಕಲೂ ಅದಿರುವ ಕಡೆಯೇ ಕಾಣುತ್ತದೆ. ಅಸಲು ಇಲ್ಲದ ಊರಿನಲ್ಲಿ ಆ ವೇಷ ಕಟ್ಟಿ ಪ್ರಯೋಜನವೇನು?

ಹಾರುವ ರೀತಿಯೂ ನೆರವಿಗೆ ಬರುತ್ತದೆ. ರೋಸ್‌ಗಳು ಅವಸರವಿಲ್ಲದೆ ತೇಲುತ್ತವೆ. ಮಾರ್ಮನ್ ಹಾಗೆ ಹಾರುವುದಿಲ್ಲ, ಬೆದರಿದರಂತೂ ಅಡ್ಡಾದಿಡ್ಡಿ ಓಡುತ್ತದೆ. ಆದರೆ ಇದೊಂದನ್ನೇ ನೆಚ್ಚಿಕೊಂಡು ಹೆಸರು ಬರೆಯಬೇಡಿ.

ಪ್ರಶ್ನೆ: ಬಾಲವಿಲ್ಲದ ಮಾರ್ಮನ್ ಒಂದನ್ನು ಕಂಡೆ. ಕೆಂಪು ಚುಕ್ಕೆಗಳೂ ಕಿತ್ತಳೆಯಂತಿದ್ದವು. ಹೊಸ ಜಾತಿ ಇರಬಹುದೇ?
— ಹಾಸನದ ಕಾಲೇಜು ವಿದ್ಯಾರ್ಥಿ

ಉತ್ತರ: ಹಳೆಯ ಚಿಟ್ಟೆ ಅಷ್ಟೇ. ರೆಕ್ಕೆಯ ಬಣ್ಣವೆಲ್ಲ ಹೆಂಚಿನಂತೆ ಜೋಡಿಸಿರುವ ಪುಟ್ಟ ಹುರುಪೆಗಳಲ್ಲಿರುತ್ತದೆ. ದಿನಗಳೆದಂತೆ ಅವು ಉದುರುತ್ತವೆ; ಕೆಂಪು ಮಾಸಿ ಕಿತ್ತಳೆ, ಕಪ್ಪು ಮಾಸಿ ಕಂದು ಆಗುತ್ತದೆ. ಬಾಲ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ, ಹಕ್ಕಿ ಕುಕ್ಕಿಯೂ ಹೋಗುತ್ತದೆ. ಎರಡೂ ಬದಿಯ ರೆಕ್ಕೆ ಒಂದೇ ಜಾಗದಲ್ಲಿ ಒಂದೇ ಆಕಾರಕ್ಕೆ ಹರಿದಿದ್ದರೆ, ರೆಕ್ಕೆ ಮಡಚಿ ಕೂತಿದ್ದಾಗ ಹಕ್ಕಿ ಕಚ್ಚಿದೆ ಎಂದು ತಿಳಿಯಬಹುದು. ಬಾಲ ಇದ್ದರೆ ಅದು ಗುರುತು, ಇಲ್ಲದ್ದು ಗುರುತಲ್ಲ. ಚುಕ್ಕೆಗಳ ಜಾಗ ಮತ್ತು ಆಕಾರ ಮಾತ್ರ ಮುದಿ ಚಿಟ್ಟೆಯಲ್ಲೂ ಬದಲಾಗುವುದಿಲ್ಲ.

ಪ್ರಶ್ನೆ: ಶಿರಸಿ ಸುತ್ತಲಿನ ಕಾಡಿನಲ್ಲಿ ಕಾಮನ್ ಜೆಜೆಬೆಲ್ ಬಹಳ. ಹಳ್ಳದ ಮರಳಿನ ಮೇಲೆ ಕೂತಿದ್ದ ಕೆಲವನ್ನು ಫೋಟೊ ತೆಗೆದು ಕಳಿಸಿದರೆ, ಗೆಳೆಯರೊಬ್ಬರು ‘ಇದು ಪೇಂಟೆಡ್ ಸಾಟೂತ್’ ಎಂದರು. ನನಗಂತೂ ಒಂದೇ ರೀತಿ ಕಾಣುತ್ತವೆ.
— ಶಿರಸಿಯ ಓದುಗರು

ಉತ್ತರ: ನಿಮ್ಮ ಗೆಳೆಯರು ಸರಿ ಹೇಳಿರಬೇಕು. ಎರಡರದ್ದೂ ಹಿಂದಿನ ರೆಕ್ಕೆಯ ಅಡಿಮೈ ಹಳದಿ, ಅದರಲ್ಲಿ ಕಪ್ಪು ನರಗಳು, ಅಂಚಿನಲ್ಲಿ ಕೆಂಪು ಮಚ್ಚೆಗಳ ಸಾಲು. ಬಿಡಿಸಿ ಹೇಳುವುದು ಆ ಕೆಂಪು ಮಚ್ಚೆಯ ಆಕಾರವೇ.

ಒಂದು ಮಚ್ಚೆಯನ್ನು ಮಾತ್ರ ದೊಡ್ಡದು ಮಾಡಿ ನೋಡಿ. ಜೆಜೆಬೆಲ್‌ನದ್ದಾದರೆ ಅದಕ್ಕೆ ಮೊನೆ ಇರುತ್ತದೆ, ಇಸ್ಪೀಟಿನ ಎಲೆಯಲ್ಲೋ ಬಾಣದ ತುದಿಯಲ್ಲೋ ಕಾಣುವಂಥ ಚೂಪು. ಸಾಟೂತ್‌ನದ್ದು ಚೌಕ, ಇಟ್ಟಿಗೆ ಜೋಡಿಸಿದಂತೆ ಸಾಲಾಗಿರುತ್ತವೆ. ಇಡೀ ಸಾಲನ್ನು ಒಟ್ಟಿಗೆ ನೋಡಿದರೆ ಕಣ್ಣು ಮೋಸ ಹೋಗುತ್ತದೆ, ಅದಕ್ಕೇ ಒಂದೇ ಮಚ್ಚೆ ಹಿಡಿಯಿರಿ ಎನ್ನುವುದು. ಸಾಲಿನ ತುದಿಯ ಮಚ್ಚೆ ಬೇಡ, ನಡುವಿನದು ಆರಿಸಿ.

ನೀವು ಮರಳಿನ ಮಾತು ಬರೆದದ್ದೂ ಸುಳಿವೇ. ಒದ್ದೆ ಮರಳಿಗೆ ಬಂದು ಉಪ್ಪಿನಂಶ ಹೀರುವುದು ಗಂಡು ಸಾಟೂತ್‌ಗಳ ಅಭ್ಯಾಸ. ಜೆಜೆಬೆಲ್ ಹೆಚ್ಚಾಗಿ ಮರದೆತ್ತರದಲ್ಲಿ ಹೂವಿನಿಂದ ಹೂವಿಗೆ ನಿಧಾನ ಹಾರುತ್ತಿರುತ್ತದೆ. ಸಾಟೂತ್‌ನ ಹಾರಾಟ ವೇಗದ್ದು. ಮಾವಿನ ಮರದ ಬಂದಳಿಕೆ ಮೇಲೆ ಗುಂಪುಗುಂಪಾಗಿ ಮೊಟ್ಟೆ ಇಟ್ಟಿದ್ದು ಕಂಡರೆ ಅದು ಜೆಜೆಬೆಲ್‌ನದ್ದು. ಬಂದಳಿಕೆಯನ್ನೇ ಅದರ ಹುಳು ತಿನ್ನುವುದು. ಇದೇ ಕಾರಣಕ್ಕೆ ಜೆಜೆಬೆಲ್ ಬೆಂಗಳೂರಿನಂಥ ನಗರದ ಸಾಲುಮರಗಳಲ್ಲೂ ಬದುಕುತ್ತದೆ. ಸಾಟೂತ್ ಘಟ್ಟದ ಕಾಡಿನದು. ಬಯಲುಸೀಮೆಯ ಪೇಟೆಯಲ್ಲಿ ಸಾಟೂತ್ ಕಂಡೆ ಎನ್ನುವವರು ಮಚ್ಚೆಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಪ್ರಶ್ನೆ: ಹುಲ್ಲಿನ ಮೇಲೆ ಹಾರುವ ಸಣ್ಣ ಹಳದಿ ಚಿಟ್ಟೆಗಳಲ್ಲಿ ಎಷ್ಟು ಬಗೆ? ನನ್ನ ಪಟ್ಟಿಯಲ್ಲಿ ಎಲ್ಲವನ್ನೂ ಕಾಮನ್ ಗ್ರಾಸ್ ಯೆಲ್ಲೋ ಎಂದೇ ಬರೆದಿದ್ದೇನೆ.
— ಮಂಡ್ಯದಿಂದ ಒಬ್ಬರು

ಉತ್ತರ: ಪಟ್ಟಿಯನ್ನು ಒಮ್ಮೆ ತಿದ್ದಬೇಕಾಗುತ್ತದೆ. ಈ ಚಿಟ್ಟೆಗಳು ಕೂತಾಗ ರೆಕ್ಕೆ ಬಿಚ್ಚುವುದೇ ಅಪರೂಪ. ಹಾಗಾಗಿ ಮೇಲ್ಮೈಯ ಕಪ್ಪು ಅಂಚನ್ನು ನೋಡಿ ಗುರುತಿಸುವ ವಿಧಾನ ಹೊಲದಲ್ಲಿ ಕೈಕೊಡುತ್ತದೆ. ಅಡಿಮೈ ಓದುವುದನ್ನು ಕಲಿಯಿರಿ.

ಮುಂದಿನ ರೆಕ್ಕೆಯ ಅಡಿಮೈಯಲ್ಲಿ, ಸೆಲ್ಲಿನ ಒಳಗೆ, ಸಣ್ಣ ಕಂದು ಗುರುತುಗಳಿರುತ್ತವೆ. ಅವು ಎರಡಿದ್ದರೆ ಕಾಮನ್ ಗ್ರಾಸ್ ಯೆಲ್ಲೋ. ಮೂರಿದ್ದರೆ ತ್ರೀ-ಸ್ಪಾಟ್, ಒಂದೇ ಇದ್ದರೆ ಒನ್-ಸ್ಪಾಟ್. ಸೆಲ್ಲಿನ ತುದಿಯನ್ನು ಮುಚ್ಚುವ ನರದ ಮೇಲೆ ಮೂತ್ರಪಿಂಡದ ಆಕಾರದ ಇನ್ನೊಂದು ಗುರುತಿದೆ, ಅದನ್ನು ಲೆಕ್ಕಕ್ಕೆ ಸೇರಿಸಬಾರದು. ಹೆಚ್ಚಿನ ತಪ್ಪು ಆಗುವುದು ಇಲ್ಲೇ: ಅದನ್ನೂ ಎಣಿಸಿ ಎರಡನ್ನು ಮೂರು ಮಾಡಿಬಿಡುತ್ತಾರೆ. ಸೆಲ್ಲಿನಲ್ಲಿ ಏನೂ ಇಲ್ಲ ಎಂದಾದರೆ ಸ್ಮಾಲ್ ಅಥವಾ ಸ್ಪಾಟ್‌ಲೆಸ್ ಕಡೆ ಯೋಚಿಸಿ. ಸ್ಪಾಟ್‌ಲೆಸ್‌ನ ಮುಂದಿನ ರೆಕ್ಕೆಯ ತುದಿ ಕತ್ತರಿಯಿಂದ ಚೌಕಕ್ಕೆ ಕತ್ತರಿಸಿದಂತಿರುತ್ತದೆ, ಬೇಸಿಗೆಯಲ್ಲಿ ಹಿಂದಿನ ರೆಕ್ಕೆಯ ಅಡಿಯಲ್ಲಿ ಕೆಂಗಂದು ನೇರ ಗೆರೆಗಳು ಕಾಣುತ್ತವೆ.

ಮುಂದಿನ ರೆಕ್ಕೆಯ ಬಹುಭಾಗ ಹಿಂದಿನ ರೆಕ್ಕೆಯ ಮರೆಗೆ ಸರಿದು ಕೂತಿರುವ ಫೋಟೊದಲ್ಲಿ ಈ ಎಣಿಕೆ ಸಾಧ್ಯವಿಲ್ಲ. ಅಂಥದ್ದನ್ನು ‘ಗ್ರಾಸ್ ಯೆಲ್ಲೋ, ಜಾತಿ ಖಚಿತವಿಲ್ಲ’ ಎಂದು ಬರೆದಿಡಿ. ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು. ಗಿಡದಲ್ಲಿ ಹುಳು ಸಿಕ್ಕರೆ ಇನ್ನೊಂದು ದಾರಿಯಿದೆ: ಕಾಮನ್ ಒಂದೊಂದೇ ಮೊಟ್ಟೆ ಇಡುತ್ತದೆ, ತ್ರೀ-ಸ್ಪಾಟ್ ರಾಶಿಯಾಗಿ ಇಡುತ್ತದೆ ಮತ್ತು ಅದರ ಹುಳುಗಳು ಒಟ್ಟಾಗಿಯೇ ಮೇಯುತ್ತವೆ.

ಪ್ರಶ್ನೆ: ಸಂಜೆ ದೀಪ ಹಚ್ಚಿದೊಡನೆ ಮನೆಯೊಳಗೆ ಬರುವ ಕಂದು ಚಿಟ್ಟೆಯ ರೆಕ್ಕೆಯಲ್ಲಿ ಮಳೆಗಾಲದಲ್ಲಿ ಕಣ್ಣಿನಂಥ ಉಂಗುರಗಳಿದ್ದವು. ಈಗ ಬರುವುದಕ್ಕೆ ಉಂಗುರವೇ ಇಲ್ಲ, ಒಣಗಿದ ಎಲೆಯಂತಿದೆ. ಇವು ಎರಡು ಜಾತಿಯೇ?
— ತೀರ್ಥಹಳ್ಳಿ ಕಡೆಯ ಗೃಹಿಣಿ

ಉತ್ತರ: ಒಂದೇ ಜಾತಿ, ಎರಡು ಕಾಲದ ಎರಡು ಉಡುಪು. ಅದು ಕಾಮನ್ ಈವನಿಂಗ್ ಬ್ರೌನ್. ಅದರ ಹುಳು ಭತ್ತ ಮತ್ತು ಹುಲ್ಲು ತಿನ್ನುವುದರಿಂದ ಗದ್ದೆ ಬದಿಯ ಮನೆಗಳಿಗೆ ಅದು ಬರುವುದು ಸಹಜ.

ಹುಳು ಬೆಳೆಯುವಾಗಿನ ಹವೆ, ಮುಖ್ಯವಾಗಿ ಉಷ್ಣಾಂಶ, ಚಿಟ್ಟೆಯ ಅಡಿಮೈ ಹೇಗಿರಬೇಕೆಂದು ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಹಸಿರಿನ ನಡುವೆ ಕೂರುವಾಗ ಅಂಚಿನ ಕಣ್ಣುಗಳು ಶತ್ರುವಿನ ಏಟನ್ನು ಮೈಯಿಂದ ರೆಕ್ಕೆಯಂಚಿಗೆ ಸೆಳೆಯುತ್ತವೆ. ಬೇಸಿಗೆಯಲ್ಲಿ ತರಗೆಲೆಯ ನಡುವೆ ಕೂರುವಾಗ ಕಣ್ಣುಗಳಿದ್ದರೆ ಅವೇ ಅದನ್ನು ತೋರಿಸಿಕೊಟ್ಟುಬಿಡುತ್ತವೆ, ಆಗ ಎಲೆಯಂತೆ ಇರುವುದೇ ಕ್ಷೇಮ. ಬೇಸಿಗೆ ರೂಪದಲ್ಲಿ ಮುಂದಿನ ರೆಕ್ಕೆಯ ತುದಿ ಕೂಡ ಹೆಚ್ಚು ಕೊಕ್ಕೆಯಾಗಿರುತ್ತದೆ.

ಎರಡೂ ಕಾಲದಲ್ಲಿ ಬದಲಾಗದ ಗುರುತು ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿದೆ: ತುದಿಯ ಹತ್ತಿರ ಕಪ್ಪು ಮಚ್ಚೆ, ಅದರಲ್ಲಿ ಎರಡು ಬಿಳಿ ಚುಕ್ಕೆ, ಪಕ್ಕದಲ್ಲಿ ಕಿತ್ತಳೆ. ಕೂತಾಗ ಅದು ಕಾಣಿಸದು. ಹಾರಿ ಗೋಡೆಗೆ ಕೂರುವ ಕ್ಷಣದಲ್ಲಿ ಕಾಣುತ್ತದೆ. ಪೀಕಾಕ್ ಪ್ಯಾನ್ಸಿಯಲ್ಲೂ ಹೀಗೆಯೇ ಕಾಲಕ್ಕೊಂದು ಅಡಿಮೈ ಇರುತ್ತದೆ. ಆದ್ದರಿಂದ ಪುಸ್ತಕದ ಚಿತ್ರದೊಡನೆ ಹೋಲಿಸುವಾಗ ಅದು ಯಾವ ಕಾಲದ ಚಿತ್ರ ಎಂದು ಮೊದಲು ಓದಿ.

ಪ್ರಶ್ನೆ: ಬ್ಲೂ ಟೈಗರ್ ಒಂದರ ಹಿಂದಿನ ರೆಕ್ಕೆಯ ಅಂಚಿನಲ್ಲಿ ಹಳದಿ ಮಚ್ಚೆಗಳಿದ್ದವು. ಹೀಗೂ ಇರುತ್ತದೆಯೇ?
— ಮಡಿಕೇರಿಯಿಂದ

ಉತ್ತರ: ಬ್ಲೂ ಟೈಗರ್‌ನಲ್ಲಿ ಹಳದಿ ಇರುವುದಿಲ್ಲ. ಅದು ಕಾಮನ್ ಮೈಮ್, ಸ್ವಾಲೋಟೇಲ್ ಕುಟುಂಬದ ಚಿಟ್ಟೆ. ಅದರ ಒಂದು ರೂಪ ಬ್ಲೂ ಟೈಗರ್‌ನಂತೆ, ಇನ್ನೊಂದು ರೂಪ ಕಾಮನ್ ಕ್ರೋನಂತೆ. ಎರಡು ರೂಪದಲ್ಲೂ ಆ ಹಳದಿ ಸಾಲು ಅಡಿಮೈಯಲ್ಲಿ ಎದ್ದು ಕಾಣುತ್ತದೆ. ದಾಲ್ಚಿನ್ನಿ ಗಿಡದ ಚಿಗುರಿನಲ್ಲಿ ಇದರ ಹುಳು ಹುಡುಕಬಹುದು.

ಇಂಥ ಅನುಮಾನ ಬಂದಾಗ ಕಾಲು ಎಣಿಸಿ. ಟೈಗರ್, ಕ್ರೋ, ಎಗ್‌ಫ್ಲೈ, ಪ್ಯಾನ್ಸಿಗಳೆಲ್ಲ ನಾಲ್ಕೇ ಕಾಲಿನ ಮೇಲೆ ನಿಲ್ಲುತ್ತವೆ. ಮುಂದಿನ ಜೋಡಿ ಕುಗ್ಗಿ ಎದೆಗೆ ಅಂಟಿಕೊಂಡಿರುತ್ತದೆ. ಸ್ವಾಲೋಟೇಲ್‌ಗಳು ಆರೂ ಕಾಲೂರುತ್ತವೆ. ರೆಕ್ಕೆಯ ಬಣ್ಣ ಎಷ್ಟೇ ನಕಲಾದರೂ ಕಾಲಿನ ಲೆಕ್ಕ ನಕಲಾಗಿಲ್ಲ. ಅಂದಹಾಗೆ, ಗೆರೆಗಳು ಅಗಲವಾಗಿ ತಿಳಿನೀಲಿಯಾಗಿದ್ದರೆ ಬ್ಲೂ ಟೈಗರ್; ಗೆರೆ ಸಣ್ಣಗಾಗಿ ಕಪ್ಪು ಹೆಚ್ಚಿದ್ದರೆ ಡಾರ್ಕ್ ಬ್ಲೂ ಟೈಗರ್. ಎರಡೂ ಒಂದೇ ಗುಂಪಿನಲ್ಲಿ ಸೇರಿ ಹಾರುವುದರಿಂದ ಒಂದು ನೋಡಿ ಉಳಿದದ್ದೂ ಅದೇ ಎಂದುಕೊಳ್ಳಬೇಡಿ.

ಪ್ರಶ್ನೆ: ನಾವು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ರಜೆಗೆ ಮೈಸೂರಿಗೆ ಬಂದಾಗ ಅಮ್ಮನ ತೋಟದಲ್ಲಿ ಮೊನಾರ್ಕ್ ಕಂಡು ಮಗಳು ಕುಣಿದಾಡಿದಳು. ಫೋನಿನ ಆ್ಯಪ್ ಕೂಡ ಮೊನಾರ್ಕ್ ಎಂದೇ ಹೇಳಿತು. ಅದು ಅಷ್ಟು ದೂರ ಹಾರಿ ಬರುತ್ತದೆಯೇ?
— ನ್ಯೂಜೆರ್ಸಿಯ ಕನ್ನಡತಿ

ಉತ್ತರ: ಮೈಸೂರಿನ ತೋಟದಲ್ಲಿ ಮೊನಾರ್ಕ್ ಇರುವುದಿಲ್ಲ. ನಿಮ್ಮ ಮಗಳು ಕಂಡದ್ದು ಸ್ಟ್ರೈಪ್ಡ್ ಟೈಗರ್, ಮೊನಾರ್ಕ್‌ನ ಹತ್ತಿರದ ನೆಂಟ. ಹಾಗಾಗಿ ಅವಳ ಸಂತೋಷಕ್ಕೆ ಕಾರಣ ಇದ್ದೇ ಇದೆ. ಎರಡಕ್ಕೂ ಕಿತ್ತಳೆಯಲ್ಲಿ ದಪ್ಪ ಕಪ್ಪು ನರಗಳು. ಮುಂದಿನ ರೆಕ್ಕೆಯ ಕಪ್ಪು ತುದಿ ನೋಡಿ: ಸ್ಟ್ರೈಪ್ಡ್ ಟೈಗರ್‌ಗೆ ದೊಡ್ಡ ಬಿಳಿ ಮಚ್ಚೆಗಳು ಸೇರಿ ಅಗಲವಾದ ಅಡ್ಡ ಪಟ್ಟಿಯಾಗಿರುತ್ತದೆ, ಮೊನಾರ್ಕ್‌ಗೆ ಅಲ್ಲಿ ಚಿಕ್ಕ ಚುಕ್ಕೆಗಳು ಮಾತ್ರ. ಅಲ್ಲಿನ ನಿಮ್ಮ ಹಿತ್ತಲಲ್ಲಿ ವೈಸರಾಯ್ ಎಂಬ ಚಿಟ್ಟೆಯೂ ಮೊನಾರ್ಕ್‌ನಂತೆ ಕಾಣುತ್ತದೆ. ಅದರ ಹಿಂದಿನ ರೆಕ್ಕೆಯಲ್ಲಿ ನರಗಳನ್ನು ಅಡ್ಡ ಕತ್ತರಿಸುವ ಒಂದು ಕಪ್ಪು ಗೆರೆ ಇದೆ. ಆ್ಯಪ್ ಬಳಸುವಾಗ ಫೋಟೊ ತೆಗೆದ ಸ್ಥಳವನ್ನು ತಪ್ಪದೆ ತುಂಬಿ. ಸ್ಥಳ ತಿಳಿಯದ ಆ್ಯಪ್ ಜಗತ್ತಿನ ಚಿಟ್ಟೆಗಳಲ್ಲೆಲ್ಲ ಹುಡುಕಿ ಹೆಚ್ಚು ಫೋಟೊ ಇರುವುದನ್ನು ಹೇಳಿಬಿಡುವ ಸಂಭವವಿದೆ.

ಪ್ರಶ್ನೆ: ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನಲ್ಲಿ ಗಂಡು ಹೆಣ್ಣು ಗುರುತಿಸುವುದು ಹೇಗೆ? ದೇಶದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದಲ್ಲವೇ?
— ಸುಳ್ಯದ ವಿದ್ಯಾರ್ಥಿನಿ

ಉತ್ತರ: ಹಿಂದಿನ ರೆಕ್ಕೆಯ ಹಳದಿ ಸ್ವಚ್ಛವಾಗಿದ್ದು ಅಂಚು ಮಾತ್ರ ಕಪ್ಪಾಗಿದ್ದರೆ ಗಂಡು. ಆ ಹಳದಿಯ ಒಳಗೇ ದಪ್ಪ ಕಪ್ಪು ಮಚ್ಚೆಗಳ ಇನ್ನೊಂದು ಸಾಲಿದ್ದರೆ ಹೆಣ್ಣು. ಪಶ್ಚಿಮ ಘಟ್ಟದಲ್ಲಿ ಬೇರೆ ಬರ್ಡ್‌ವಿಂಗ್ ಇಲ್ಲ, ಆದ್ದರಿಂದ ಜಾತಿಯ ಗೊಂದಲ ಬೇಡ. 1932ರಲ್ಲಿ ದಾಖಲಾದ 190 ಮಿ.ಮೀ. ರೆಕ್ಕೆಹರವಿನ ಅಳತೆಯಿಂದ ಬಹುಕಾಲ ಇದೇ ದೇಶದ ಅತಿ ದೊಡ್ಡ ಚಿಟ್ಟೆ ಎನಿಸಿಕೊಂಡಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿ.ಮೀ. ಇದ್ದದ್ದು ವರದಿಯಾಯಿತು.

ಪ್ರಶ್ನೆ: ಫೋನಿನಲ್ಲಿ ಎಷ್ಟು ಫೋಟೊ ತೆಗೆದರೂ ‘ಗುರುತು ಹೇಳಲು ಸಾಲದು’ ಎಂದೇ ಉತ್ತರ ಬರುತ್ತದೆ. ಹಿಡಿದು ಡಬ್ಬಿಯಲ್ಲಿ ಹಾಕಿ ತೆಗೆಯಬಹುದೇ?
— ಧಾರವಾಡದಿಂದ

ಉತ್ತರ: ಹಿಡಿಯಬೇಡಿ. ಬೆರಳು ತಾಗಿದರೆ ಸಾಕು ಹುರುಪೆ ಉದುರಿ ನೀವು ನೋಡಬೇಕಾದ ಗುರುತೇ ಅಳಿಸಿಹೋಗುತ್ತದೆ. ಅಲ್ಲದೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪಟ್ಟಿಗಳಲ್ಲಿ ಹಲವು ಚಿಟ್ಟೆಗಳಿವೆ, ಅಂಥದ್ದನ್ನು ಹಿಡಿಯುವುದು ಅಪರಾಧ.

ಬಿಸಿಲೇರುವ ಮೊದಲು, ಬೆಳಿಗ್ಗೆ 8ರಿಂದ 10ರ ನಡುವೆ ಹೋಗಿ. ಮೈ ಬಿಸಿಯಾಗುವ ತನಕ ಚಿಟ್ಟೆಗಳು ರೆಕ್ಕೆ ಬಿಚ್ಚಿ ಕೂರುತ್ತವೆ, ಬೇಗ ಹಾರುವುದಿಲ್ಲ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನಿಂತು, ಬಗ್ಗಿ, ಹೆಜ್ಜೆ ಎಳೆಯದೆ ಹತ್ತಿರವಾಗಿ. ಒಂದು ಮೀಟರ್ ದೂರದಿಂದಲೇ ಮೊದಲ ಫೋಟೊ ತೆಗೆದುಬಿಡಿ, ಹಾರಿಹೋದರೂ ಕೈಯಲ್ಲಿ ಒಂದು ಉಳಿಯುತ್ತದೆ. ಆಮೇಲೆ ಫೋನಿನ ಜೂಮ್ 2 ಪಟ್ಟು ಇಟ್ಟು ಮುಂದೆ ಹೋಗಿ. ಇನ್ನೂ ಹೆಚ್ಚು ಜೂಮ್ ಮಾಡಿದರೆ ಚುಕ್ಕೆಗಳ ಅಂಚು ಕಲಸಿಹೋಗುತ್ತದೆ.

ಕ್ಯಾಮೆರಾ ಇದ್ದರೆ ಅಪರ್ಚರ್ ಎಫ್/8, ಶಟರ್ ಸೆಕೆಂಡಿನ 1/500ಕ್ಕಿಂತ ವೇಗ ಇಡಿ. ಫೋನಾಗಲಿ ಕ್ಯಾಮೆರಾ ಆಗಲಿ, ಮುಖ್ಯವಾದದ್ದು ಕೋನ. ಫೋನಿನ ಬೆನ್ನು ಮತ್ತು ಚಿಟ್ಟೆಯ ರೆಕ್ಕೆ ಒಂದಕ್ಕೊಂದು ಸಮಾನಾಂತರ ಇರಬೇಕು, ಗೋಡೆಗೆ ಕನ್ನಡಿ ಹಿಡಿದಂತೆ. ಓರೆಯಾದರೆ ಒಂದು ತುದಿ ಮಸುಕಾಗುತ್ತದೆ, ಚೌಕ ಮಚ್ಚೆ ಚೂಪಾಗಿ ಕಾಣುತ್ತದೆ, ಜೆಜೆಬೆಲ್ ಮತ್ತು ಸಾಟೂತ್ ಅದಲು ಬದಲಾಗುತ್ತವೆ. ಎಗ್‌ಫ್ಲೈ ಗಂಡಿನ ನೇರಳೆಯಂಥ ಮಿಂಚುಬಣ್ಣಗಳು ಬೆಳಕಿನ ಕೋನಕ್ಕೆ ತಕ್ಕಂತೆ ಬಂದುಹೋಗುತ್ತವೆ, ಅವನ್ನು ಗುರುತಿಗೆ ಆಧಾರ ಮಾಡಬೇಡಿ.

ನಮಗೆ ಕಳಿಸುವಾಗ ಮೇಲ್ಮೈಯದೊಂದು, ಅಡಿಮೈಯದೊಂದು, ಮೈ ಕಾಣುವಂತೆ ಬದಿಯಿಂದ ಒಂದು, ಹೀಗೆ ಮೂರು ಫೋಟೊ ಇರಲಿ. ಜೊತೆಗೆ ದಿನಾಂಕ, ಊರು, ಕೂತಿದ್ದ ಗಿಡದ ಹೆಸರು ಬರೆಯಿರಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಅದರ ಎಲೆಯ ಫೋಟೊ ಕಳಿಸಿ. ಹೂವಿನ ಮಧು ಹೀರಲು ಕೂತಿತ್ತೋ, ಎಲೆಗೆ ಮೊಟ್ಟೆ ಇಡಲು ಕೂತಿತ್ತೋ ಎಂಬುದನ್ನೂ ತಿಳಿಸಿ. ಹೂವಿನಿಂದ ಹೆಚ್ಚು ತಿಳಿಯದು; ಎಲೆಯಿಂದ ತಿಳಿಯುತ್ತದೆ.